ಇವತ್ತಿನ ಶಿಕ್ಷಣ ಸಚಿವರಿಗೂ ನಾಳೆಯ ಶಿಕ್ಷಣ ಸಚಿವರಿಗೂ

ಮಾನ್ಯ ಶಾಲಾ ಶಿಕ್ಷಣ ಸಚಿವರೇ, ಮುಂದೊಂದು ದಿನ ಅದೇ ಕುರ್ಚಿಯಲ್ಲಿ ಕೂರಲಿರುವ ಬೇರೆ ಪಕ್ಷದವರೇ,

ನಮಸ್ಕಾರ.

ಈ ಪತ್ರ ನಿಮ್ಮಿಬ್ಬರಿಗೂ ಸೇರಿದ್ದು. ಒಬ್ಬರಿಗೆ ಮಾತ್ರ ಬರೆದರೆ ಇನ್ನೊಬ್ಬರು ಅದನ್ನು ಎತ್ತಿ ಹಿಡಿದು, ನೋಡಿ ಮೇಷ್ಟ್ರು ನಮ್ಮ ಪರ ಅನ್ನುತ್ತಾರೆ. ಅದು ನನಗೆ ಬೇಡ. ನಾನು ಬಯಲುಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ 27 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು.

2022ರ ಮಳೆಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. 9ನೇ ತರಗತಿಯ ಒಬ್ಬ ಹುಡುಗಿ ಎರಡು ಪುಸ್ತಕ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಒಂದು ಅವಳದ್ದು, ಹೊಸದು. ಇನ್ನೊಂದು ಅವಳ ಅಕ್ಕ ಓದಿದ್ದು, ಬೈಂಡು ಹರಿದಿತ್ತು, ಅಂಚಿನಲ್ಲೆಲ್ಲ ಪೆನ್ಸಿಲ್ ಗುರುತು. ಅಕ್ಕನ ಪುಸ್ತಕದಲ್ಲಿ ಅಂಬೇಡ್ಕರ್ ಹೆಸರಿನ ಜೊತೆ 'ಸಂವಿಧಾನ ಶಿಲ್ಪಿ' ಎಂಬ ಮಾತಿತ್ತು. ಇವಳ ಪುಸ್ತಕದಲ್ಲಿ ಅದು ಇರಲಿಲ್ಲ. ಅವರ ಮನೆಯಲ್ಲಿ ದೇವರ ಪಟದ ಪಕ್ಕದಲ್ಲೇ ಬಾಬಾಸಾಹೇಬರ ಫೋಟೋ ಇದೆ, ಹಾಗಾಗಿ ಅವಳ ಕಣ್ಣಿಗೆ ಕೂಡಲೇ ಬಿದ್ದಿತ್ತು. "ಸಾರ್, ಇದನ್ನ ಯಾಕೆ ತೆಗೆದ್ರು?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಕಾರಣ ಬರೆದಿರಲಿಲ್ಲ, ಬಂದ ಸುತ್ತೋಲೆಯಲ್ಲಿಯೂ ಇರಲಿಲ್ಲ.

ಆಮೇಲೆ ಊರೂರಲ್ಲಿ ಗಲಾಟೆಯಾಯಿತು, ಸರ್ಕಾರ ತಿದ್ದುಪಡಿ ಹೊರಡಿಸಿ ಆ ಮಾತನ್ನು ಮತ್ತೆ ಸೇರಿಸಿತು. ನಾನು ಖುಷಿಯಿಂದ ಆ ಹುಡುಗಿಯನ್ನು ಕರೆದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಯಾಕೆ ಹಾಕಿದ್ರು ಸಾರ್?" ಎಂದಳು.

ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಜನ ಕೂಗಾಡಿದರು, ಅದಕ್ಕೇ ಹಾಕಿದರು ಅಂತ ಹೇಳಬೇಕಿತ್ತು. 14 ವರ್ಷದ ಮಗುವಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ಪತ್ರ ಬರೆಯುತ್ತಿರುವುದು ಆ ಎರಡು ಪ್ರಶ್ನೆಗಳಿಗಾಗಿಯೇ.

ನೀವು ಒಂದು ವಿಷಯ ಯೋಚಿಸಿ. ಬಡವರ ಮನೆಗೆ ಸರ್ಕಾರ ಯಾವ ರೂಪದಲ್ಲಿ ಬರುತ್ತದೆ? ರೇಷನ್ ಕಾರ್ಡ್, ಕರೆಂಟ್ ಬಿಲ್, ತಾಲ್ಲೂಕು ಆಫೀಸಿನಲ್ಲಿ ಕಾಯುವ ಸಾಲು, ಯಾವಾಗಲಾದರೂ ಒಬ್ಬ ಪೊಲೀಸಿನವರು. ಇದೆಲ್ಲವನ್ನೂ ಜನ ಹೊರಗೆ ನಿಂತೇ ನೋಡುತ್ತಾರೆ. ಪಠ್ಯಪುಸ್ತಕ ಹಾಗಲ್ಲ. ಮುಖಪುಟದ ಮೇಲೆ ಕರ್ನಾಟಕ ಸರ್ಕಾರ ಎಂದು ಬರೆಸಿಕೊಂಡು ಮನೆಯೊಳಗೆ ಹೋಗುತ್ತದೆ. ಜೂನ್ ತಿಂಗಳಲ್ಲಿ ಅಪ್ಪ ಅಮ್ಮ ಕೂತು ಅದಕ್ಕೆ ಬೈಂಡು ಹಾಕುತ್ತಾರೆ. ಅಪ್ಪಿತಪ್ಪಿ ಕಾಲು ತಾಗಿದರೆ ಮಗು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತದೆ. ಸರ್ಕಾರದ ಬೇರೆ ಯಾವ ಕಾಗದಕ್ಕಾದರೂ ಈ ಗೌರವ ಸಿಗುತ್ತದಾ? ನೀವು ಓಟು ಕೇಳಿ ಗೆದ್ದ ಅಧಿಕಾರಕ್ಕಿಂತ ಇದು ದೊಡ್ಡದು. ಕೇಳದೆಯೇ ಸಿಕ್ಕಿದ್ದು. ಪೊಲೀಸರಿದ್ದಾರೆ ಅಂತ ಮಾತ್ರ ಯಾವ ಸರ್ಕಾರವೂ ಬಹಳ ಕಾಲ ನಡೆಯುವುದಿಲ್ಲ, ಇದು ನಮ್ಮದು ಅಂತ ಜನ ಒಪ್ಪಿಕೊಂಡಿರುವುದರಿಂದ ನಡೆಯುತ್ತದೆ. ಆ ಒಪ್ಪಿಗೆ ಮೊದಲು ಹುಟ್ಟುವುದು ಪಾಠದ ಪುಸ್ತಕದ ಮುಂದೆ.

ಬ್ರಿಟಿಷರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಂಗ್ಲಿಷ್ ಶಿಕ್ಷಣ ತಂದ ಅಂತ ಎಲ್ಲರೂ 1835ರ ಮೆಕಾಲೆಯನ್ನು ಬೈಯುತ್ತಾರೆ, ಬೈಯಲಿ. ಆದರೆ ನಮ್ಮ ಶಾಲೆಗಳನ್ನು ಇವತ್ತಿಗೂ ಹಿಡಿದುಕೊಂಡಿರುವುದು 1854ರಲ್ಲಿ ಬಂದ ಚಾರ್ಲ್ಸ್ ವುಡ್ಡನ ಆಜ್ಞಾಪತ್ರ. ಪ್ರತಿ ಪ್ರಾಂತ್ಯಕ್ಕೂ ಒಂದು ಪಬ್ಲಿಕ್ ಇನ್‌ಸ್ಟ್ರಕ್ಷನ್ ಇಲಾಖೆ, ಮೇಲೊಬ್ಬ ನಿರ್ದೇಶಕ, ಕೆಳಗೆ ಇನ್‌ಸ್ಪೆಕ್ಟರುಗಳು, ಅನುದಾನ ಬೇಕಾದರೆ ತಪಾಸಣೆ, ಈ ಏರ್ಪಾಡು ಅಲ್ಲಿಂದ ಬಂದದ್ದು. ನಮ್ಮ ಜಿಲ್ಲಾ ಅಧಿಕಾರಿಯನ್ನು ನಾವು ಇವತ್ತಿಗೂ ಡಿಡಿಪಿಐ ಅಂತಲೇ ಕರೆಯುತ್ತೇವೆ. ಅದರಲ್ಲಿರುವ ಪಿ ಮತ್ತು ಐ ಆ ಪಬ್ಲಿಕ್ ಇನ್‌ಸ್ಟ್ರಕ್ಷನ್ನೇ. ಮೇಲಿನವರು ನಿರ್ಧರಿಸುವುದು, ಮೇಷ್ಟ್ರು ಹೇಳುವುದು, ಮಕ್ಕಳು ಒಪ್ಪಿಸುವುದು. ಆಳುವವರು ಬದಲಾದರು, ಪಾಠಗಳೂ ಬದಲಾದವು. ಈ ಏಣಿ ಮಾತ್ರ ಇದ್ದಲ್ಲೇ ಇದೆ.

ಹಾಗಂತ ಸರ್ಕಾರ ಪಠ್ಯಕ್ಕೆ ಕೈ ಹಾಕಲೇಬಾರದು ಎನ್ನುವ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದವರಾದ ನಾವಂತೂ ಅದನ್ನು ಹೇಳಲೇಬಾರದು. 1956ಕ್ಕೆ ಮುಂಚೆ ನಮ್ಮ ನಾಡು ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರಿನ ಮಗುವಿಗೆ ಒಡೆಯರ ಸಂಸ್ಥಾನ, ಧಾರವಾಡದ ಮಗುವಿಗೆ ಮುಂಬೈ, ಮಂಗಳೂರಿನ ಮಗುವಿಗೆ ಮದ್ರಾಸು, ಮಡಿಕೇರಿಯ ಮಗುವಿಗೆ ಕೊಡಗು, ಕಲಬುರಗಿಯ ಮಗುವಿಗೆ ನಿಜಾಮರ ಹೈದರಾಬಾದು. ಧಾರವಾಡ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿ ಶಾಲೆಗೆ ಹೋಗಬೇಕಾದ ಕಾಲವಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥ ಅಧಿಕಾರಿಗಳು ಅಲ್ಲಿ ಕನ್ನಡ ಶಾಲೆಗಳಿಗಾಗಿ ಹೆಣಗಾಡಿದರು. ಕಲಬುರಗಿ, ರಾಯಚೂರು, ಬೀದರ್ ಕಡೆ ಉರ್ದುವಿನಲ್ಲಿ ಓದಿ ಮುಂದೆ ಬಂದ ಹಿರಿಯರು ಬೇಕಾದಷ್ಟು ಮಂದಿ. 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆಗಿನ ಕಲಿಕೆಯ ಭಾಷೆಯೇ ಉರ್ದು.

ಭೂಪಟದಲ್ಲಿ ನಾಡು ಒಂದಾದದ್ದು 1956ರ ನವೆಂಬರ್ 1ಕ್ಕೆ. ಮಕ್ಕಳ ಮನಸ್ಸಿನಲ್ಲಿ ಒಂದಾಗಲು ಒಂದು ತಲೆಮಾರು ಬೇಕಾಯಿತು, ಅದು ಆಗಿದ್ದು ತರಗತಿಯಲ್ಲಿ. ಔರಾದಿನ ಹುಡುಗ ಮತ್ತು ಗುಂಡ್ಲುಪೇಟೆಯ ಹುಡುಗಿ ಒಂದೇ ಪದ್ಯ ಬಾಯಿಪಾಠ ಮಾಡಿದರು, ಒಂದೇ ಬಸವಣ್ಣ, ಒಂದೇ ಕಿತ್ತೂರು ಚೆನ್ನಮ್ಮ. ಅಪ್ಪ ಅಮ್ಮ ನೋಡದ ನದಿಗಳ ಹೆಸರನ್ನು ಮಕ್ಕಳು ಹೇಳಿದರು. ಕರ್ನಾಟಕ ಅನ್ನುವುದು ನಿಜ ಅಂತ ಜನರಿಗೆ ಅನ್ನಿಸಿದ್ದರಲ್ಲಿ ಪಠ್ಯಪುಸ್ತಕದ ಪಾಲು ಬಹಳ ದೊಡ್ಡದು. ಕೆಲಸ ಪೂರ್ತಿಯಾಗಿಲ್ಲ, ಅದೂ ಗೊತ್ತಿದೆ. ಕಲ್ಯಾಣ ಕರ್ನಾಟಕದವರು ಸೆಪ್ಟೆಂಬರ್ 17ಕ್ಕೆ ಬಾವುಟ ಹಾರಿಸುವುದು ಯಾಕೆ ಅಂತ ನಮ್ಮ ಕಡೆಯ ಮಕ್ಕಳನ್ನು ಕೇಳಿ ನೋಡಿ, ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಅಂತ ಹತ್ತರಲ್ಲಿ ಒಬ್ಬರು ಹೇಳಿದರೆ ಹೆಚ್ಚು. ತಾಂಡಾದಿಂದ ಬರುವ ಮಗು, ಮನೆಯಲ್ಲಿ ತುಳು ಮಾತಾಡುವ ಮಗು, ಇವರಿಗೆಲ್ಲ ಆ ಪುಸ್ತಕದಲ್ಲಿ ತಮ್ಮ ಮನೆ ಕಾಣುವುದು ಕಡಿಮೆ. ಹಾಗಾಗಿ ಬದಲಾವಣೆ ಬೇಕು, ಸರ್ಕಾರವೇ ಮಾಡಬೇಕು. ನನ್ನ ಜಗಳ ಮಾಡುವ ರೀತಿಯ ಬಗ್ಗೆ.

ಈ ವಿಷಯದಲ್ಲಿ ಜನ ಸುಮ್ಮನಿರುವುದಿಲ್ಲ ಅಂತ ನಿಮ್ಮಿಬ್ಬರ ಪಕ್ಷಗಳಿಗೂ ಗೊತ್ತಿರಬೇಕು. ಗೋಕಾಕ್ ವರದಿ ನೆನಪಿದೆ ಅಲ್ವಾ? ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಿರಬೇಕು, ಅಷ್ಟೇ ವಿಷಯ. ಅದು ಕನ್ನಡವೇ ಆಗಬೇಕು ಅಂತ 1981ರಲ್ಲಿ ವರದಿ ಬಂತು, ಗುಂಡೂರಾಯರ ಸರ್ಕಾರ ಹಿಂದೆ ಮುಂದೆ ನೋಡಿತು, 1982ರಲ್ಲಿ ಸಾಹಿತಿಗಳ ಜೊತೆ ಡಾ. ರಾಜ್‌ಕುಮಾರ್ ಬೀದಿಗಿಳಿದರು. ನಾನು ಆಗ ವಿದ್ಯಾರ್ಥಿ, ಅವರನ್ನು ನೋಡಲು ಮರ ಹತ್ತಿದ್ದೆ. 1983ರ ಜನವರಿಯ ಚುನಾವಣೆಯಲ್ಲಿ ಆ ಸರ್ಕಾರ ಸೋತಿತು, ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಭಾಷೆಯ ವಿಷಯವೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಈ ಸರ್ಕಾರ ನಮ್ಮ ಮಾತು ಕೇಳುವುದಿಲ್ಲ ಎಂಬ ಭಾವನೆ ಹಳ್ಳಿಹಳ್ಳಿಗೂ ತಲುಪಿದ್ದು ಟೈಂಟೇಬಲ್ಲಿನ ಒಂದು ಪೀರಿಯಡ್ಡಿನಿಂದ. ಉರ್ದು, ಮರಾಠಿ, ತಮಿಳು ಮನೆಗಳಲ್ಲಿ ಅದೇ ಹೊತ್ತಿಗೆ ಬೇರೆ ಭಯವಿತ್ತು, ಅದನ್ನೂ ನಾವು ಮರೆಯಬಾರದು.

ಇನ್ನು 2022ಕ್ಕೆ ಬರುತ್ತೇನೆ. ರೋಹಿತ್ ಚಕ್ರತೀರ್ಥ ಅವರ ಸಮಿತಿ ಪರಿಷ್ಕರಿಸಿದ ಪುಸ್ತಕಗಳು ಬಂದವು. 10ನೇ ತರಗತಿಯ ಕನ್ನಡಕ್ಕೆ ಆರೆಸ್ಸೆಸ್ ಸ್ಥಾಪಕ ಹೆಡಗೇವಾರ್ ಅವರ ಭಾಷಣ ಸೇರಿತು, ಬಸವಣ್ಣನವರ ಬಗ್ಗೆ ಬರೆದದ್ದಕ್ಕೆ ಹಲವು ಮಠಾಧೀಶರು ಸಿಟ್ಟಾದರು, ಸಾಹಿತಿ ದೇವನೂರ ಮಹಾದೇವ ಅವರು ತಮ್ಮ ಪಾಠಕ್ಕೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆದರು, ಹಿರಿಯ ಸಾಹಿತಿ ಹಂಪನಾ ಅವರು ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜೂನ್‌ನಲ್ಲಿ ಸರ್ಕಾರ ಸಮಿತಿಯನ್ನೇ ವಿಸರ್ಜಿಸಿತು. ನಾನು ಆಗ ವಿರೋಧಿಸಿದವರ ಪೈಕಿ. ಮುಚ್ಚುಮರೆ ಏನಿಲ್ಲ.

2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಜೂನ್ 15ಕ್ಕೆ ಸಚಿವ ಸಂಪುಟ ಕೂತು ಹೆಡಗೇವಾರ್, ಸಾವರ್ಕರ್ ಪಾಠ ತೆಗೆಯುವುದು, ಸಾವಿತ್ರಿಬಾಯಿ ಫುಲೆ ಪಾಠ ಸೇರಿಸುವುದು ಅಂತ ತೀರ್ಮಾನಿಸಿತು. ಅಷ್ಟರಲ್ಲಿ ಪುಸ್ತಕಗಳು ಮಕ್ಕಳ ಕೈ ಸೇರಿದ್ದವು. ಇದನ್ನು ಪಾಠ ಮಾಡಬೇಡಿ, ಇದನ್ನು ಮಾಡಿ ಅಂತ ಪೂರಕ ಪುಸ್ತಕ ಬಂತು. ಆ ದಿನ ನನಗೆ ಸಮಾಧಾನವಾಗಿತ್ತು, ಮನೆಯಲ್ಲಿ ಹೇಳಿಕೊಂಡು ಸಂತೋಷಪಟ್ಟೆ. ಮರುದಿನ ತರಗತಿಯಲ್ಲಿ ನಿಂತು "ಈ ಪಾಠ ಬಿಟ್ಟುಬಿಡಿ" ಅಂದಾಗ ಮಕ್ಕಳು ಯಾಕೆ ಅಂತ ಕೇಳಲೇ ಇಲ್ಲ. "ಪರೀಕ್ಷೆಗೆ ಬರಲ್ವಾ ಸಾರ್?" ಅಂತ ಕೇಳಿ ಪುಟ ಮಡಚಿದರು. ಒಂದು ವರ್ಷದ ಹಿಂದೆ ಎರಡು ಪುಸ್ತಕ ಹಿಡಿದು ಬಂದಿದ್ದ ಹುಡುಗಿ ಆಗ 10ನೇ ತರಗತಿಯಲ್ಲಿ ಅದೇ ಬೆಂಚಿನಲ್ಲಿ ಕೂತಿದ್ದಳು. ಅವಳೂ ಪುಟ ಮಡಚಿದಳು.

ಆ ಹೊತ್ತಿಗೆ ನನ್ನ ಸಮಾಧಾನ ಹೋಯಿತು. ನನಗೆ ಬೇಕಾದ ಪಾಠ ಬಂತು, ಬೇಡವಾದದ್ದು ಹೋಯಿತು, ನಿಜ. ಆದರೆ ಬಂದದ್ದೂ ಹೋದದ್ದೂ ಒಂದೇ ಬಾಗಿಲಿನಿಂದ. ಸಚಿವರಿಗೆ ಬೇಕೆನಿಸಿದರೆ ಇರುತ್ತದೆ, ಬೇಡವೆನಿಸಿದರೆ ಇರುವುದಿಲ್ಲ. ಮಕ್ಕಳು ಇದನ್ನು ನಮಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಇದು ಆ ಪಕ್ಷದ ಪುಸ್ತಕ, ಇದು ಈ ಪಕ್ಷದ ಪುಸ್ತಕ ಅಂತ ಅವರಿಗೆ ಒಮ್ಮೆ ಅನ್ನಿಸಿದರೆ, ಸಂವಿಧಾನದ ಪಾಠವನ್ನೂ ಹಾಗೇ ಓದುತ್ತಾರೆ. ಆಗ ನೀವು ಗೆದ್ದಿರಾ, ಅವರು ಗೆದ್ದರಾ ಅನ್ನುವ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ, ಮುಖಪುಟದ ಮೇಲಿನ 'ಕರ್ನಾಟಕ ಸರ್ಕಾರ' ಎಂಬ ಹೆಸರು ಸೋತಿರುತ್ತದೆ.

ಕೇಂದ್ರದ ಪಠ್ಯಪುಸ್ತಕ ರೂಪಿಸುವ ದೆಹಲಿಯ ಎನ್‌ಸಿಇಆರ್‌ಟಿಯದೂ ಇದೇ ಕಥೆ. 2023ರಲ್ಲಿ 10ನೇ ತರಗತಿಯ ವಿಜ್ಞಾನದಿಂದ ಜೀವವಿಕಾಸದ ಪಾಠ ಹೋಯಿತು, 12ನೇ ತರಗತಿಯ ಇತಿಹಾಸದಿಂದ ಮೊಘಲ್ ದರ್ಬಾರಿನ ಅಧ್ಯಾಯ ಹೋಯಿತು. ರಾಜ್ಯಶಾಸ್ತ್ರ ಬಲ್ಲ ಯೋಗೇಂದ್ರ ಯಾದವ್, ಸುಹಾಸ್ ಪಲ್ಶೀಕರ್ ಅವರು ತಾವು ಸಲಹೆ ಕೊಟ್ಟು ರೂಪಿಸಿದ ಪುಸ್ತಕಗಳಿಂದ ನಮ್ಮ ಹೆಸರು ತೆಗೆಯಿರಿ ಎಂದು ಬರೆದರು.

ನೆರೆಯ ಬಾಂಗ್ಲಾದೇಶವನ್ನು ನೋಡಿ. ಭಾಷೆಗಾಗಿ 1952ರ ಫೆಬ್ರವರಿ 21ರಂದು ವಿದ್ಯಾರ್ಥಿಗಳು ಜೀವ ಕೊಟ್ಟ ನಾಡು ಅದು. ಅಲ್ಲಿ 1971ರಲ್ಲಿ ಸ್ವಾತಂತ್ರ್ಯ ಘೋಷಿಸಿದ್ದು ಯಾರು ಎಂಬ ಪ್ರಶ್ನೆಗೆ ಸರ್ಕಾರ ಬದಲಾದಾಗಲೆಲ್ಲ ಪಠ್ಯಪುಸ್ತಕದಲ್ಲಿ ಉತ್ತರ ಬದಲಾಗುತ್ತದೆ. ಒಬ್ಬರ ಕಾಲದಲ್ಲಿ ಶೇಖ್ ಮುಜೀಬ್, ಇನ್ನೊಬ್ಬರ ಕಾಲದಲ್ಲಿ ಸೇನಾಧಿಕಾರಿ ಜಿಯಾವುರ್ ರೆಹಮಾನ್. 2024ರಲ್ಲಿ ಶೇಖ್ ಹಸೀನಾ ಅಧಿಕಾರ ಬಿಟ್ಟು ಹೋದ ಮೇಲೆ 2025ರ ಹೊಸ ಪುಸ್ತಕಗಳಲ್ಲಿ ಮತ್ತೆ ಬದಲಾಯಿತು. ಒಂದೇ ಮನೆಯಲ್ಲಿ ಅಣ್ಣ ಒಂದು ಉತ್ತರ ಬರೆದು ಪಾಸಾಗಿರುತ್ತಾನೆ, ತಂಗಿ ಇನ್ನೊಂದು ಬರೆದು ಪಾಸಾಗಬೇಕು. ತನ್ನ ದೇಶ ಹುಟ್ಟಿದ್ದು ಹೇಗೆ ಅಂತಲೇ ಒಂದು ಮಗುವಿಗೆ ಗಟ್ಟಿಯಾಗಿ ಹೇಳಲಾಗದಿದ್ದರೆ ಆ ದೇಶದ ಬೇರೆ ಯಾವ ಮಾತನ್ನು ಅದು ನಂಬಬೇಕು?

ಆಫ್ರಿಕಾದ ರುವಾಂಡಾದ ಕಥೆ ಇನ್ನೂ ಸಂಕಟದ್ದು. ಬೆಲ್ಜಿಯಂನವರ ಆಳ್ವಿಕೆಯಲ್ಲಿ, ಅಲ್ಲಿಯ ಟುಟ್ಸಿ ಸಮುದಾಯದವರು ಹೊರಗಿನಿಂದ ಬಂದವರು, ಬೇರೆಯದೇ ಜನಾಂಗ ಎಂಬ ಕಥೆ ಶಾಲೆಗೆ ನುಗ್ಗಿತು. ಸ್ವಾತಂತ್ರ್ಯ ಬಂದ ಮೇಲೂ ಅದೇ ಕಥೆ ಉಳಿಯಿತು, ಆಳುವವರಿಗೆ ಅನುಕೂಲ ಅಂತ. 1994ರಲ್ಲಿ ನಡೆದ ಟುಟ್ಸಿಗಳ ನರಮೇಧದ ನಂತರ ವರ್ಷಗಟ್ಟಲೆ ಅಲ್ಲಿಯ ಶಾಲೆಗಳಲ್ಲಿ ಇತಿಹಾಸದ ಪಾಠವನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲೂ ಹಾಗಾಗುತ್ತದೆ ಅಂತ ಹೆದರಿಸಲು ಇದನ್ನು ಹೇಳುತ್ತಿಲ್ಲ. ಪರಕೀಯರು ಬರೆದಿಟ್ಟದ್ದನ್ನು ಬದಲಾಯಿಸಿದರೂ ಬದಲಾಯಿಸದಿದ್ದರೂ, ಮಕ್ಕಳಿಗೆ ಪ್ರಶ್ನೆ ಕೇಳಲು ಜಾಗ ಬಿಡದಿದ್ದರೆ ಎಲ್ಲಿಗೆ ಮುಟ್ಟಬಹುದು ಅಂತ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಹಾಗಾದರೆ ಜಗಳದ ವಿಷಯಗಳನ್ನು ಪಾಠ ಮಾಡುವುದು ಹೇಗೆ? ನನಗೆ ಅನುಭವ ಇರುವುದು ಟಿಪ್ಪುವಿನ ಪಾಠದಲ್ಲಿ. ಪ್ರತಿ ವರ್ಷ ಆ ಪಾಠ ಬಂದಾಗ ತರಗತಿ ಎರಡಾಗುತ್ತಿತ್ತು. ಒಂದು ವರ್ಷ ನಾನು ಪುಸ್ತಕ ಮುಚ್ಚಿಸಿ, ಕೆಲವು ವಿಷಯಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದೆ. 1791ರಲ್ಲಿ ಮರಾಠ ಪಡೆಯವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆದು ನೆರವು ಕಳಿಸಿದ್ದು. 1784ರಲ್ಲಿ ಮಂಗಳೂರಿನ ಕೆಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದು. ಟಿಪ್ಪುವಿನ ದಾಳಿಯ ಬಗ್ಗೆ ಕೊಡಗಿನವರು ಇವತ್ತಿಗೂ ಹೇಳುವ ನೋವು. ಆ ದಿನ ಟಿಪ್ಪು ತಮ್ಮ ಹಿರಿಯರನ್ನು ಕೊಲ್ಲಿಸಿದ ಎಂದು ನರಕ ಚತುರ್ದಶಿಯನ್ನು ಆಚರಿಸದ ಮಂಡ್ಯಂ ಅಯ್ಯಂಗಾರ್ ಮನೆಗಳು. ರಾಕೆಟ್ಟು, ರೇಷ್ಮೆ, 1799ರ ಮೇ 4ರಂದು ಕೋಟೆಯಲ್ಲಿ ಹೋರಾಡುತ್ತಲೇ ಸತ್ತದ್ದು. ಎಲ್ಲ ಬರೆದು, ಇದರಲ್ಲಿ ಯಾವುದಕ್ಕೆ ಕಾಗದಪತ್ರ ಇದೆ, ಯಾವುದು ಬಾಯಿಂದ ಬಾಯಿಗೆ ಬಂದದ್ದು, ಬಾಯಿಂದ ಬಂದದ್ದನ್ನು ನಂಬಬಾರದಾ ಅಂತ ಕೇಳಿದೆ. ಎರಡು ಪೀರಿಯಡ್ ಹೋಯಿತು. ಯಾರೂ ಯಾರನ್ನೂ ಬೈಯಲಿಲ್ಲ. ಕೊನೆಗೆ ಒಬ್ಬ ಹುಡುಗ ಎದ್ದು, "ಒಬ್ಬನೇ ಮನುಷ್ಯ ಎರಡೂ ಮಾಡಿರಬಹುದಲ್ವಾ ಸಾರ್" ಅಂದ. ಅವನಿಗೆ 13 ವರ್ಷ. ನಮ್ಮ ವಿಧಾನಸಭೆಯಲ್ಲಿ ಆ ಮಾತನ್ನು ಯಾರಾದರೂ ಒಮ್ಮೆ ಆಡಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಇಂದಿಗೂ ಅನ್ನಿಸುತ್ತದೆ.

2024ರಲ್ಲಿ ವಸತಿ ಶಾಲೆಗಳ ಬಾಗಿಲಲ್ಲಿ 'ಕೈಮುಗಿದು ಒಳಗೆ ಬಾ' ಎಂದಿದ್ದನ್ನು 'ಧೈರ್ಯವಾಗಿ ಪ್ರಶ್ನಿಸಿ' ಎಂದು ಬದಲಾಯಿಸಿದಾಗಲೂ ದೊಡ್ಡ ಜಗಳ ನಡೆಯಿತು. ನನಗೆ ಎರಡು ಸಾಲೂ ಇಷ್ಟ, ಎರಡೂ ಇರಲಿ. ಆದರೆ ಧೈರ್ಯವಾಗಿ ಪ್ರಶ್ನಿಸಿದ ಮಗುವಿಗೆ ಉತ್ತರ ಕೊಡುವವರು ಬೇಕಲ್ಲ? ಅದಕ್ಕೇ ನನ್ನ ಬೇಡಿಕೆ.

ಪಠ್ಯ ಪರಿಷ್ಕರಣೆಗೆ ಕಾನೂನು ಮಾಡಿ. ಈಗ ಒಂದು ಸರ್ಕಾರಿ ಆದೇಶದಲ್ಲಿ ಸಮಿತಿ ಹುಟ್ಟುತ್ತದೆ, ಇನ್ನೊಂದು ಆದೇಶದಲ್ಲಿ ಸಾಯುತ್ತದೆ. ವಿಧಾನಸಭೆಯ ಅವಧಿ 5 ವರ್ಷ ಇದ್ದರೆ ಪಠ್ಯ ಮಂಡಳಿಯ ಅವಧಿ 7 ವರ್ಷ ಇರಲಿ, ಚುನಾವಣೆ ಬಂದು ಹೋದರೂ ಅದು ಅಲ್ಲಾಡದಿರಲಿ. ಸದಸ್ಯರನ್ನು ಮುಖ್ಯಮಂತ್ರಿ ಒಬ್ಬರೇ ಆರಿಸಬಾರದು, ವಿರೋಧ ಪಕ್ಷದ ನಾಯಕರೂ ಸೇರಿ ಒಪ್ಪಬೇಕು. ಅರ್ಧದಷ್ಟು ಜನ ಪಾಠ ಮಾಡುವ ಮೇಷ್ಟ್ರುಗಳಿರಲಿ, ಅವರಲ್ಲಿ ಕಲಬುರಗಿಯವರೂ ಕರಾವಳಿಯವರೂ ತಾಂಡಾದಲ್ಲಿ ಪಾಠ ಮಾಡಿದವರೂ ಇರಲಿ. ಶಾಲೆ ಶುರುವಾದ ಮೇಲೆ ಆ ವರ್ಷದ ಪುಸ್ತಕದ ಒಂದು ಸಾಲನ್ನೂ ಮುಟ್ಟಬಾರದು, ತಪ್ಪು ಮಾಹಿತಿ ಇದ್ದರೆ ಮಾತ್ರ ತಿದ್ದಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಏನು ತೆಗೆದೆವು, ಏನು ಸೇರಿಸಿದೆವು, ಯಾಕೆ ಅಂತ ಅಚ್ಚಿಗೆ ಹೋಗುವ ಮುಂಚೆ ಎರಡು ತಿಂಗಳು ಎಲ್ಲರ ಮುಂದಿಡಬೇಕು, ಆಮೇಲೆ ಪುಸ್ತಕದ ಕೊನೆಯಲ್ಲಿ ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಪುಟ ಅಚ್ಚು ಹಾಕಬೇಕು. ಒಂದೇ ಪುಟ ಸಾಕು.

ಜನರಿಂದ ಆರಿಸಿ ಬಂದವರು ನಾವು, ನಮಗಿಂತ ಮೇಲೆ ಒಂದು ಮಂಡಳಿ ಯಾಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಚುನಾವಣೆ ನಡೆಸುವ ಕೆಲಸವನ್ನು ನಾವು ಗೆದ್ದ ಪಕ್ಷದ ಕೈಗೆ ಕೊಟ್ಟಿಲ್ಲ. ಮುಂದೆ ಓಟು ಹಾಕುವ ಮಕ್ಕಳ ತಿಳಿವಳಿಕೆಯನ್ನು ಯಾಕೆ ಕೊಡಬೇಕು? ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿಯನ್ನು 2025ರ ಆಗಸ್ಟ್‌ನಲ್ಲಿ ಕೊಟ್ಟಿದೆ. ಶಾಲೆಯಲ್ಲಿ ಎರಡೇ ಭಾಷೆ ಕಲಿಸುವ ದ್ವಿಭಾಷಾ ಸೂತ್ರದ ಬಗ್ಗೆ ಚರ್ಚೆ ಜೋರಾಗಿ ನಡೆಯಿತು, ನಡೆಯಲಿ. ಆದರೆ ಅದನ್ನೂ ಆದೇಶದ ಮೇಲೆ ನಿಲ್ಲಿಸಿದರೆ ಮುಂದಿನ ಸರ್ಕಾರ ಬಂದ ಮರುದಿನ ಅದರ ಗತಿಯೂ ಅದೇ. 1976ರ 42ನೇ ತಿದ್ದುಪಡಿಯಲ್ಲಿ ಶಿಕ್ಷಣ ರಾಜ್ಯಪಟ್ಟಿಯಿಂದ, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತು, ದೆಹಲಿ ನಮ್ಮನ್ನು ಕೇಳುವುದಿಲ್ಲ ಅಂತ ನಾವು ದೂರುತ್ತೇವೆ. ಆ ದೂರಿಗೆ ತೂಕ ಬರಬೇಕಾದರೆ ಬೆಂಗಳೂರು ಮೊದಲು ನಮ್ಮ ಹಳ್ಳಿ ಶಾಲೆಗಳ ಮಾತು ಕೇಳಬೇಕು.

ಆ ಹುಡುಗಿ ಟೀಚರ್ ಆಗಬೇಕು ಅನ್ನುತ್ತಾಳೆ. ಅಕ್ಕನ ಪುಸ್ತಕವನ್ನು ಅವತ್ತು ನನ್ನ ಟೇಬಲ್ ಮೇಲೆ ಬಿಟ್ಟು ಹೋದಳು, ಅದು ಇನ್ನೂ ನನ್ನ ಮನೆಯ ಕಪಾಟಿನಲ್ಲಿದೆ. ನೀವು ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ನನಗೆ ಬರೆಯಬೇಡಿ, ಅವಳ ಎರಡು ಪ್ರಶ್ನೆಗಳಿಗೆ ಬರೆಯಿರಿ. ಯಾಕೆ ತೆಗೆದರು, ಮತ್ತೆ ಯಾಕೆ ಹಾಕಿದರು ಅನ್ನುವುದನ್ನು ನಿಮ್ಮಲ್ಲಿ ಒಬ್ಬರು ಹೇಳಬೇಕು. ಪುಸ್ತಕ ಮಕ್ಕಳ ಕೈ ಸೇರಿದ ಮೇಲೆ ಪುಟ ಮಡಚಿಸಿದ್ದು ಯಾಕೆ ಅಂತ ಅವಳು ಕೇಳಲಿಲ್ಲ, ಅದನ್ನೂ ಇನ್ನೊಬ್ಬರು ಹೇಳಬೇಕು. ನಾನು ಅವಳಿಗೆ ತಲುಪಿಸುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ